ಪಾರ್ಕು ಸಿಕ್ಕರೆ ಮಾವ ಸಿಗುವುದಿಲ್ಲ

ನಮ್ಮ ಸೋದರಮಾವನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು, ದಾರಿಯಲ್ಲಿ ಪಾರ್ಕು ಇರಬಾರದು ಅಷ್ಟೇ! ಹಾಸನದ ಪಾರ್ಕುಗಳಲ್ಲಿ ಮಾಲಿಯಾಗಿದ್ದು ನಿವೃತ್ತರಾದವರು. ಅವುಗಳ ಇತಿಹಾಸವೆಲ್ಲ ಅವರ ನಾಲಿಗೆ ತುದಿಯಲ್ಲಿದೆ. ರಾಜರ ಇತಿಹಾಸವಾದರೂ ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಇದಕ್ಕೆ ಆ ಭಾಗ್ಯವೂ ಇಲ್ಲ.

ಮಾವನ ಪ್ರಕಾರ ಹಾಸನ ಕಂಡದ್ದು ನಾಲ್ಕೇ ಯುಗ. ಸಂಜೆ ಪಾರ್ಕಿನ ಮಂಟಪದಿಂದ ಊರಿಗೆಲ್ಲ ವಾರ್ತೆ ಕೇಳಿಸುತ್ತಿದ್ದದ್ದು ರೇಡಿಯೊ ಯುಗ. ಆಮೇಲೆ ಬಣ್ಣದ ದೀಪಗಳ ಕಾರಂಜಿ ಯುಗ. ಬಡಾವಣೆಗಳು ಎದ್ದು, ಯಾರಿಗೂ ಬೇಡವಾದ ಹಳ್ಳದ ಮೂಲೆಗಳೆಲ್ಲ ಪಾರ್ಕಾದದ್ದು ಜಾರುಬಂಡೆ ಯುಗ. ಈಗಿನದು ಕಬ್ಬಿಣದ ಜಿಮ್ಮುಗಳ ಯುಗ, ಅಂದರೆ ಕಲಿಯುಗ! ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೆ ಇವರು ನಾಪತ್ತೆ. ಹುಡುಕಿದರೆ ಛತ್ರದ ಎದುರಿನ ಪಾರ್ಕಿನಲ್ಲಿ ವಾಕಿಂಗ್ ಬಂದವರೊಬ್ಬರನ್ನು ತಡೆದು ನಿಲ್ಲಿಸಿ, ಎರಡನೇ ಯುಗದಲ್ಲಿದ್ದರು.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಮಾವನ ಎರಡೂ ಕಣ್ಣಿಗೆ ಪೊರೆ ಬಂತು. "ಇನ್ನೂ ತಡ ಮಾಡಿದ್ರೆ ದೃಷ್ಟಿ ಉಳಿಯೋದು ಕಷ್ಟ" ಎಂದರು ಡಾಕ್ಟರು. ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪಾರ್ಕುಗಳೆಷ್ಟು? ಮೂರು!

ಮೊದಲ ಸಲ "ಎಲ್ಡೇ ನಿಮ್ಸ ಕಣವ್ವ" ಎಂದು ಆಟೋದಿಂದ ಇಳಿದವರು ಬರುವಷ್ಟರಲ್ಲಿ ಡಾಕ್ಟರು ಮನೆಗೆ ಹೋಗಿದ್ದರು. ಎರಡನೇ ಸಲ ನಾನು ಜಾಣತನ ಮಾಡಿ ಆಟೋವನ್ನು ಸಾಲಗಾಮೆ ರಸ್ತೆಯ ಕಡೆಯಿಂದ ಸುತ್ತಿಸಿದೆ. ಅಲ್ಲೂ ಹೊಸದೊಂದು ಪಾರ್ಕು ಆಗಿರುವುದು ನನಗೇನು ಗೊತ್ತು! ಆಟೋದವನು ಟೀಗೆಂದು ನಿಲ್ಲಿಸಿದ್ದೇ ತಡ, ಮಾವ ಮಾಯ. ಒಳಗೆ ಹೋಗಿ ನೋಡಿದರೆ ಕೈಕಟ್ಟಿ ನಿಂತು ವಿನಯದಿಂದ ಮಾತಾಡುತ್ತಿದ್ದಾರೆ.

"ವಕೀಲ್ರು ಎಂಥಾ ಮನ್ಸ ಅಂತೀಯ! ಒಂದ್ ಮಾತೂ ಎದ್ರಾಡ್ದಂಗೆ ಎಲ್ಲಾನೂ ಕೇಳುಸ್ಕಂಡ್ರು ಕಣವ್ವ."

ಕಪ್ಪು ಕೋಟು, ಬಿಳಿ ಅಂಗಿಯ ಆ ವಕೀಲರು, ಕಸ ಹಾಕಲೆಂದು ಬಾಯಿ ತೆರೆದು ನಿಂತಿದ್ದ ಸಿಮೆಂಟಿನ ಪೆಂಗ್ವಿನ್!

ಆಟೋದವನು ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು, ಹಿಂದೆಯೇ ಸಿಟ್ಟೂ ನೆತ್ತಿಗೇರಿತು. "ಅದು ಕಸದ ಡಬ್ಬ ಮಾವ! ನಿಮಗೆ ಕಣ್ಣು ಬೇಕಾ, ಪಾರ್ಕು ಬೇಕಾ?" ಎಂದು ಕೂಗಾಡಿಬಿಟ್ಟೆ.

ಮಾವ ಪೆಂಗ್ವಿನ್ನಿನ ಕೊಕ್ಕನ್ನು ತಡವಿ ನೋಡಿದರು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು.

"ಈಗ ಮಬ್ಬುಮಬ್ಬಾಗಾದ್ರೂ ಕಾಣ್ತದೆ ಕಣವ್ವ. ಆಪ್ರೇಸನ್ ಕೆಟ್ಟು ಅಷ್ಟೂ ಓಗ್ಬುಟ್ರೆ?"

ಇಷ್ಟು ದಿನ ಮಾವನನ್ನು ಆಟೋದಿಂದ ಇಳಿಸುತ್ತಿದ್ದದ್ದು ಇತಿಹಾಸವಲ್ಲ, ಹೆದರಿಕೆ! ಅದು ತಿಳಿಯದೆ ರೇಗಾಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಕೈ ಹಿಡಿದು ಎಬ್ಬಿಸಿದೆ. ಆಸ್ಪತ್ರೆ ಮುಟ್ಟುವವರೆಗೂ ಆ ಕೈ ಬಿಡಲಿಲ್ಲ. ಅವತ್ತೇ ಒಂದು ಕಣ್ಣಿನ ಆಪರೇಷನ್ ಆಯಿತು.

ಮಾರನೇ ದಿನ ಪಟ್ಟಿ ಬಿಚ್ಚಿದರು. ಮನೆಗೆ ಬರುವಾಗ ದೊಡ್ಡ ಪಾರ್ಕಿನ ಮುಂದೆ ನಾನೇ ಆಟೋ ನಿಲ್ಲಿಸಿದೆ. "ಇಳೀರಿ ಮಾವ, ಕಣ್ತುಂಬ ನೋಡ್ಕೊಳ್ಳಿ. ಇವತ್ತು ನಾನೇನೂ ಅನ್ನಲ್ಲ."

ಮಾವ ಪಾರ್ಕಿನ ಕಡೆ ತಿರುಗಲೇ ಇಲ್ಲ. ಕಪ್ಪು ಕನ್ನಡಕವನ್ನು ಮೇಲೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಪಾರ್ಕ್ ಎಲ್ಲಿಗೋದಾತು, ಇರ್ಲಿ ಬುಡು" ಎಂದರು. "ಯಾವಾಗವ್ವ ಇಷ್ಟೊಂದ್ ಕೂದ್ಲು ಬೆಳ್ಳಗಾಗಿದ್ದು? ಮಕ ಎಲ್ಲ ಸೊರ್ಗೋಗದೆ. ನಂಗ್ಯಾರೂ ಏಳ್ನೇ ಇಲ್ವಲ್ಲ."

ಮನೆ ಕಡೆ ಹೋಗಪ್ಪ ಎಂದು ಆಟೋದವನಿಗೆ ಹೇಳಬೇಕಿತ್ತು. ಮಾವನ ಕನ್ನಡಕವನ್ನು ಮೆಲ್ಲಗೆ ಕೆಳಗಿಳಿಸಿ, ಕೈಯಲ್ಲೇ ಸನ್ನೆ ಮಾಡಿದೆ.