ಬ್ಯಾಂಕಿನ ಕೆಲಸಕ್ಕಿದ್ದ ಹೆಬ್ಬೆಟ್ಟು

ನಮ್ಮತ್ತೆಗೆ ಎಲ್ಲರ ಹಾಗೆ ಹತ್ತು ಬೆರಳಿದ್ದವು. ಮನೆಗೆಲಸಕ್ಕೆ ಸಿಗುತ್ತಿದ್ದದ್ದು ಮಾತ್ರ ಒಂಬತ್ತು. ಬಲಗೈ ಹೆಬ್ಬೆಟ್ಟು ಬ್ಯಾಂಕಿನಲ್ಲಿ ಕೆಲಸಕ್ಕಿತ್ತು!

ಸುಳ್ಳು ಅನ್ನಬೇಡಿ. ಅತ್ತೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ನಾನು ತಮಾಷೆ ಮಾಡುವ ಸ್ಥಿತಿಯಲ್ಲಿಲ್ಲ. ಆದರೆ ಅವರನ್ನು ನೆನೆದು ಅಳೋಣ ಎಂದು ಕೂತರೆ ಅಳುವಿಗಿಂತ ಮೊದಲು ಆ ಹೆಬ್ಬೆಟ್ಟು ಬಂದು ಮುಂದೆ ನಿಲ್ಲುತ್ತದೆ. ಸತ್ತ ಅತ್ತೆಯನ್ನು ನೆನೆದು ಒಬ್ಬಳೇ ನಗುವ ಸೊಸೆಯನ್ನು ಕಂಡರೆ ಬೀದಿಯವರು ಏನಂದುಕೊಂಡಾರು? ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನಕ್ಕರೆ ಯಾರೂ ಕೇಳುವುದಿಲ್ಲ.

ನಮ್ಮೂರು ಪಾಂಡವಪುರಕ್ಕೆ ಹತ್ತಿರ. ನಾನು ನಾಗಮಂಗಲದ ಕಡೆಯಿಂದ ಬಂದ ಸೊಸೆ. ಪಿಯುಸಿ ಮುಗಿಸಿ ಬ್ಲೌಸು ಹೊಲಿಯುವುದನ್ನು ಕಲಿತವಳು. ಅತ್ತೆ ಶಾಲೆಯ ಬಾಗಿಲು ಕಂಡವರಲ್ಲ. ಆಲೆಮನೆಯಲ್ಲಿ ಸುಡುವ ಬೆಲ್ಲವನ್ನು ಉಂಡೆ ಕಟ್ಟುತ್ತ ಆಯಸ್ಸು ಕಳೆದವರು. ಉಂಡೆ ಕಟ್ಟುತ್ತಿದ್ದದ್ದು ಅವರು, ಕೂಲಿ ಹೋಗುತ್ತಿದ್ದದ್ದು ಮಾವನ ಕೈಗೆ. ಕೆ.ಆರ್. ಪೇಟೆಯ ತಂಗಿ ಮನೆಗೆ ಹೋಗಬೇಕೆಂದರೆ ಬಸ್ ಚಾರ್ಜಿಗೆ ಮಾವನ ಮುಂದೆ ನಿಲ್ಲಬೇಕು. ಮಾವ ಕೆಟ್ಟವರಲ್ಲ, ಇಲ್ಲ ಅಂದವರೇ ಅಲ್ಲವಂತೆ. ಕೊಡುವುದಕ್ಕೆ ಮುಂಚೆ “ಯಾಕೆ?” ಅನ್ನುತ್ತಿದ್ದರಂತೆ, ಅಷ್ಟೇ.

“ಒಡುಟ್ಟಿದ ತಂಗಿ ನೋಡಾಕೆ ಯಾಕೆ ಅಂದ್ರೆ ಏನೇಳ್ಲಿ ಕಣಮ್ಮಿ? ಮಕ ಮರ್ತೋಗದೆ ಇರ್ಲಿ ಅಂತ, ಅಂದೆ. ಅದ್ಕೂ ಯಾಕೆ ಅಂದ್ರು!”

ಮಾವ ಹೋದ ಮೇಲೆ ವಿಧವಾ ವೇತನ ಬರತೊಡಗಿತು. ಆಮೇಲೆ ಮನೆಯೊಡತಿಯ ಹೆಸರಿಗೆ ಸರ್ಕಾರದ ದುಡ್ಡೂ ಸೇರಿತು. ಅತ್ತೆಗೆ ಬದುಕಿನಲ್ಲಿ ಉಳಿದ ಹಟ ಒಂದೇ. ತನ್ನ ದುಡ್ಡನ್ನು ತಾನೇ ತೆಗೆಯಬೇಕು, ಯಾರನ್ನೂ ಕೇಳದೆ ಖರ್ಚು ಮಾಡಬೇಕು. ಮಗನನ್ನೂ ಕೇಳದೆ!

ಅದಕ್ಕಾಗಿ ರುಜು ಹಾಕುವುದನ್ನು ಕಲಿತರು. ಹೆಬ್ಬೆಟ್ಟಿನವಳು ಅನ್ನಿಸಿಕೊಂಡು ಸಾಯಲಾರೆ ಎಂದು ಶಾಲೆಯ ಜಗುಲಿಯಲ್ಲಿ ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂತು ತಿದ್ದಿದರು. ಕಲಿತ ಮೇಲೆ ಸಿಕ್ಕಿದ್ದಕ್ಕೆಲ್ಲ ರುಜು. ಹಾಲಿನ ಡೈರಿಯ ಚೀಟಿಗೆ, ಕ್ಯಾಲೆಂಡರಿಗೆ, ಯಾರದೋ ಮದುವೆಯ ಕರೆಯೋಲೆಗೆ. ಸುಣ್ಣ ಬಳಿದ ಹೊಸ ಗೋಡೆಗೂ ಒಂದು ಬಿತ್ತು. ಗೋಡೆ ಯಾರದು ಎಂದು ಈಗಲಾದರೂ ತಿಳಿಯಿತಲ್ಲ ಎಂದು ಸುಮ್ಮನಾದೆವು.

ಆ ರುಜುವನ್ನು ಎತ್ತಿಕೊಂಡು ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಚೀಟಿ ನೋಡಿದಳು, ಕಂಪ್ಯೂಟರ್ ನೋಡಿದಳು, ಅತ್ತೆಯನ್ನು ನೋಡಿದಳು.

“ಅಮ್ಮಾ, ನೀವು ಮೊದಲು ಕೊಟ್ಟ ಸೈನಿಗೂ ಇದಕ್ಕೂ ಸಂಬಂಧವೇ ಇಲ್ಲವಲ್ಲ?”

“ಎಂಗಿದ್ದದು ತಾಯಿ? ಅದು ಕಲಿಯೋವಾಗ ಆಕಿದ್ದು. ಇದು ಅದ್ಕಿಂತ ಎಷ್ಟು ಚೆಂದಾಗೈತೆ ನೋಡು!”

ಚೆನ್ನಾಗಿ ಬರೆದದ್ದಕ್ಕೆ ದುಡ್ಡು ಕೊಡದ ಬ್ಯಾಂಕನ್ನು ಅತ್ತೆ ಕಂಡದ್ದು ಅದೇ ಮೊದಲು. ಬೆಪ್ಪಾಗಿ ನಿಂತುಬಿಟ್ಟರು. ಆ ಹೆಣ್ಣುಮಗಳಿಗೂ ಅಯ್ಯೋ ಅನ್ನಿಸಿರಬೇಕು, “ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಏಜೆಂಟ್ ಇದ್ದಾರೆ. ಅಲ್ಲಿ ಸೈನೇ ಬೇಡ, ಮಿಷನ್ ಮೇಲೆ ಹೆಬ್ಬೆಟ್ಟು ಇಟ್ಟರೆ ಸಾಕು” ಎಂದಳು.

ಹೆಬ್ಬೆಟ್ಟೇ! ಅತ್ತೆ ಬ್ಯಾಂಕಿನ ಮೆಟ್ಟಿಲ ಮೇಲೇ ಕುಕ್ಕರಿಸಿದರು.

“ಅಲ್ಲ ಕಣಮ್ಮಿ, ಎಬ್ಬೆಟ್ಟು ಬ್ಯಾಡ ಅಂತ ತಾನೇ ನಾನ್ ಕಲ್ತಿದ್ದು? ಈಗ ಓದ್ದೋರ್ಗೂ ಎಬ್ಬೆಟ್ಟಂತೆ! ಅಂಗಾರೆ ಕಾಯ್ಕೊಂಡು ಸುಮ್ಕಿದ್ದಿದ್ರೆ ನಾನೇ ಮುಂದಿರ್ತಿದ್ನಲ್ಲೇ!”

ಏಜೆಂಟ್ ನಯಾಜ್ ಶ್ರೀರಂಗಪಟ್ಟಣದವನು. ಪಾಂಡವಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ, ಅದರಲ್ಲೇ ಬೆರಳಿನ ಮಿಷನ್ನು. ಬಲು ಸಮಾಧಾನದ ಮನುಷ್ಯ. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಒರೆಸಿ ಮಿಷನ್ನಿನ ಮೇಲೆ ಇಟ್ಟ. ಕೆಂಪು ದೀಪ. ಮತ್ತೊಂದು ಬೆರಳು, ಮತ್ತೆ ಕೆಂಪು. ಎರಡೂ ಕೈ ಮುಗಿಯಿತು.

“ಅಮ್ಮಾ, ಗೆರೆಗಳೇ ಇಲ್ಲ. ಎಲ್ಲಾ ಸವೆದೋಗಿದೆ. ಏನ್ ಕೆಲಸ ಮಾಡ್ತಿದ್ರಿ?”

“ಬೆಲ್ಲದುಂಡೆ ಕಟ್ತಿದ್ದೆ ಕಣಪ್ಪ.”

“ಅದಕ್ಕೇ. ಮಿಷನ್‌ಗೆ ನೀವು ಯಾರು ಅಂತ ಗೊತ್ತಾಗ್ತಾ ಇಲ್ಲ.”

ಅತ್ತೆ ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿದರು. “ಅಂಗಾರೆ ನಾನು ನಾನಲ್ವಾ?”

ಊರೂರಿಗೆ ಬೆಲ್ಲ ಕಳಿಸುತ್ತ ಜೊತೆಗೆ ತಮ್ಮ ಗೆರೆಗಳನ್ನೂ ಕಳಿಸಿಬಿಟ್ಟಿದ್ದರಲ್ಲ! ಯಾರ ಮನೆಯ ಹಬ್ಬದ ಪಾಯಸದಲ್ಲಿ ಕರಗಿವೆಯೋ, ಎಲ್ಲಿ ಹುಡುಕುವುದು? ಕೊನೆಗೆ ನಯಾಜ್ ಬಲಗೈ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, “ಅರೆ, ಇದರಲ್ಲಿ ಸ್ವಲ್ಪ ಜೀವ ಇದೆ ಅಮ್ಮಾ. ಎಣ್ಣೆ ಹಚ್ಚಿ, ಸ್ವಲ್ಪ ದಿನ ಇದಕ್ಕೆ ಕೆಲಸ ಕೊಡಬೇಡಿ. ಇನ್ಶಾ ಅಲ್ಲಾ, ಬರುತ್ತೆ” ಎಂದ.

ಪಾಪ, ಅವನು ಹೇಳಿದ್ದು ಸ್ವಲ್ಪ ದಿನ. ಅತ್ತೆ ಕೇಳಿಸಿಕೊಂಡದ್ದು ಉಸಿರಿರುವ ತನಕ.

ಮನೆಗೆ ಬಂದವರೇ ಹಳೆಯ ಲಂಗದ ಬಟ್ಟೆ ಕೊಟ್ಟು ಹೆಬ್ಬೆಟ್ಟಿಗೆ ಗವಸು ಹೊಲಿಸಿಕೊಂಡರು. ಅಳತೆ ಕೊಡುವಾಗ, “ಬಿಗಿ ಆಗ್ಬಾರ್ದು ಕಣಮ್ಮಿ, ಅದ್ಕೂ ಗಾಳಿ ಬೇಕು” ಎಂದು ಎಚ್ಚರಿಸಿದರು. ನೆರಿಗೆ ಹಾಕಲೋ, ಲೈನಿಂಗ್ ಕೊಡಲೋ ಎಂದೆ. ಲೈನಿಂಗ್ ಇರಲಿ ಅಂದರು! ದಿನವೂ ಹರಳೆಣ್ಣೆ. ಹಸುಗೂಸಿಗೂ ಅಂಥ ಆರೈಕೆ ಇರಲಿಲ್ಲ.

ಹೆಬ್ಬೆಟ್ಟಿಲ್ಲದೆ ಮನೆಗೆಲಸ ಎಷ್ಟು ನಡೆಯುತ್ತದೆ ಎಂದು ನೀವು ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ. ಬೆಳ್ಳುಳ್ಳಿ ಸುಲಿಯುವುದು ಹೋಯಿತು. ಪಾತ್ರೆ ಉಜ್ಜುವುದು ಹೋಯಿತು. ಬಟ್ಟೆ ಹಿಂಡುವುದು, ಮುದ್ದೆ ಕಟ್ಟುವುದು ಎಲ್ಲವೂ ನನ್ನ ಪಾಲಿಗೆ ಬಂತು. ಅವರೆಕಾಯಿಯ ಕಾಲದಲ್ಲಿ ಕಾಯಿಯ ರಾಶಿಯನ್ನು ಅವರ ಮುಂದೆ ಸುರಿದು, “ಬಿಡಿಸಿಕೊಡಿ ಅತ್ತೆ” ಎಂದೆ.

“ಎಬ್ಬೆಟ್ಟಿಂದಾನಾ? ಅದ್ಕೆ ರಜಾ ಇಲ್ಲ ಕಣಮ್ಮಿ. ನಾಳೆ ಬ್ಯಾಂಕು ತೆಗೀತಾರೆ.”

ಊಟದ ತಟ್ಟೆಯ ಮುಂದೆ ಕೂತರೆ ಹೆಬ್ಬೆಟ್ಟು ಮೇಲೆ, ನಾಲ್ಕು ಬೆರಳು ಕೆಳಗೆ. ಮುದ್ದೆಯನ್ನು ನಾಲ್ಕೇ ಬೆರಳಲ್ಲಿ ಮುರಿದು ಸಾರಿಗೆ ಅದ್ದುವುದನ್ನು ನಮ್ಮ ಯಜಮಾನರು ಮೊದಲ ದಿನ ನೋಡಿ ತುತ್ತು ನುಂಗುವುದನ್ನೇ ಮರೆತರು. “ಅವ್ವಾ, ಫೋನಲ್ಲೇ ಎಲ್ಲ ಆಯ್ತದೆ ಈಗ. ನಿನ್ನ ಅಕೌಂಟ್ ನನ್ ಫೋನಿಗೆ ಆಕ್ಕೊಬುಡ್ತೀನಿ, ಬೇಕಾದಾಗ ಕೇಳು, ಕೊಡ್ತೀನಿ” ಎಂದರು.

“ನಿಮ್ಮಪ್ಪನೂ ಅಂಗೇ ಯೋಳ್ತಿದ್ದ ಕಣ್ಲಾ, ಕೇಳು ಕೊಡ್ತೀನಿ ಅಂತ” ಎಂದರು ಅತ್ತೆ. “ಫೋನು ಬಸ್ಸಲ್ಲಿ ಕಳ್ದೋಯ್ತದೆ. ಎಬ್ಬೆಟ್ಟು ಕಳ್ದೋದ್ದು ಎಲ್ಲಾರ ಕೇಳಿದೀಯೇನ್ಲಾ?”

ಹಾಗೆ ಕಳೆದುಹೋಗುವ ಸಂಭವವೂ ಉಂಟು ಎಂದು ತಿಳಿದದ್ದು ನಾಗಮಂಗಲದಲ್ಲಿ, ನನ್ನ ತಮ್ಮನ ಮದುವೆಯಲ್ಲಿ. ಮದುವೆಯೆಂದು ಅಂದು ಹೆಬ್ಬೆಟ್ಟಿಗೆ ರೇಷ್ಮೆ ಗವಸು, ಜರಿ ಅಂಚು ಸಮೇತ. ಹಾವು ಕಚ್ಚಿತೇ, ಉಗುರುಸುತ್ತೇ, ಹರಕೆಯೇ ಎಂದು ನೆಂಟರೆಲ್ಲ ಸುತ್ತುವರಿದರು. “ಏನಿಲ್ಲ, ಇದ್ರಲ್ಲಿ ದುಡ್ಡೈತೆ” ಎಂದರು ಅತ್ತೆ, ಇಡೀ ಚಪ್ಪರಕ್ಕೆ ಕೇಳುವ ಹಾಗೆ. ಪಂಕ್ತಿಯಲ್ಲಿದ್ದ ಯಾರೋ ಪುಣ್ಯಾತ್ಮ, “ಅಂಗೆಲ್ಲ ಯೋಳ್ಕೊಂಡು ತಿರುಗ್ಬೇಡಿ ಅಮ್ಮೋ, ಕಾಲ ಕೆಟ್ಟೋಗೈತೆ. ಎಬ್ಬೆಟ್ಟೇ ಕತ್ತರಿಸ್ಕೊಂಡೋಗೋ ಜನ ಅವ್ರೆ” ಎಂದುಬಿಟ್ಟ! ಅತ್ತೆ ಎಲೆಗೆ ಬಡಿಸಿದ್ದನ್ನೂ ಬಿಟ್ಟು ಎದ್ದರು. ವಾಪಸು ಬರುವಾಗ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಟೀ ಕೊಡಿಸಿದರೆ ಲೋಟ ಹಿಡಿಯಲಿಲ್ಲ, ಕೈ ಸೆರಗಿನೊಳಗೇ ಇತ್ತು. ಪಕ್ಕದಲ್ಲಿ ಒಬ್ಬ ಕಲ್ಲಂಗಡಿ ಕೊಯ್ಯುತ್ತಿದ್ದ. ಅವನ ಚಾಕು ಕಂಡು ಬಸ್ಸಿನ ಕಡೆ ಓಡಿದ ವೇಗವನ್ನು ನಾನು ಮರೆಯಲಾರೆ.

ಅಂತೂ ಒಂದು ದಿನ ನಯಾಜನ ಮಿಷನ್ನಿನ ಮೇಲೆ ಹಸಿರು ದೀಪ ಹತ್ತಿತು. ಅಂಗಡಿಯಲ್ಲಿ ಜೆರಾಕ್ಸಿಗೆ ನಿಂತವರೂ ಚಪ್ಪಾಳೆ ತಟ್ಟಿದರು. ನಯಾಜ್ ಐನೂರರ ನೋಟು ಕೊಟ್ಟ. ಅತ್ತೆ ಅದನ್ನು ಹಿಂದೆ ಮುಂದೆ ನೋಡಿದರು.

“ಯಾಕೆ ಅಂತ ಕೇಳಲ್ವಾ?”

“ನಿಮ್ಮ ದುಡ್ಡು ಅಮ್ಮಾ. ನಾನ್ಯಾಕೆ ಕೇಳಲಿ?”

ಅತ್ತೆ ಗರಬಡಿದವರಂತೆ ಅವನನ್ನೇ ನೋಡಿದರು. ಆಮೇಲೆ ನೋಟನ್ನು ಅವನ ಕೈಗೇ ತುರುಕಿ, “ತಕೋ, ಒಳೀಕೆ ಆಕು. ಇನ್ನೊಂದ್ ಕಿತಾ ತೆಗಿ” ಎಂದರು!

ಅಲ್ಲಿಂದ ವಾರ ವಾರ ಇದೇ ಆಟ. ದುಡ್ಡು ಬೇಕಿರಲಿ ಬಿಡಲಿ, ಹೋಗಿ ಬೆರಳು ಒತ್ತುವುದು. “ನಾನ್ ಇವ್ನಾ ನೋಡಪ್ಪ” ಎನ್ನುವರು. “ಇದ್ದೀರಿ ಅಮ್ಮಾ, ಕಣ್ಣೆದುರಿಗೇ ಇದ್ದೀರಿ” ಎಂದರೆ, “ನಿನ್ ಮಾತು ಬ್ಯಾಡ, ಮಿಷನ್ ಯೋಳ್ಲಿ” ಎನ್ನುವರು.

ಮೊದಲ ಖರ್ಚು ಯಾವುದಿರಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಕೆ.ಆರ್. ಪೇಟೆಯ ತಂಗಿ ಮನೆಗೆ ಬಸ್ ಚಾರ್ಜು. ಸರ್ಕಾರಿ ಬಸ್ಸು ಹತ್ತಿ, ಸೀಟಿನಲ್ಲಿ ಗಟ್ಟಿಯಾಗಿ ಕೂತು, ಕಂಡಕ್ಟರಿಗೆ ನೋಟು ಚಾಚಿದರು.

“ಹೆಂಗಸ್ರಿಗೆ ಫ್ರೀ ಅಜ್ಜಿ. ಆಧಾರ್ ತೋರ್ಸಿ ಸಾಕು.”

“ಫ್ರೀ ಯಾಕೆ? ದುಡ್ಡೈತೆ, ತಕೋ.”

“ತಗೊಂಡ್ರೆ ನನ್ ಕೆಲಸ ಓಯ್ತದೆ ಅಜ್ಜಿ!”

ಜನ್ಮವೆಲ್ಲ ಬಸ್ ಚಾರ್ಜಿಗೆ ಕೈಚಾಚಿದ ಹೆಂಗಸು. ಚಾರ್ಜು ಕೈಗೆ ಬರುವ ಹೊತ್ತಿಗೆ ಬಸ್ಸೇ ಬಿಟ್ಟಿಯಾಗಿತ್ತು! ಅತ್ತೆಗೆ ಎಷ್ಟು ಆಘಾತವಾಯಿತೆಂದರೆ ಮುಂದಿನ ನಿಲ್ದಾಣದಲ್ಲಿ ಇಳಿದೇಬಿಟ್ಟರು. ಬಿಸಿಲಲ್ಲಿ ಕಾದು ಪ್ರೈವೇಟ್ ಬಸ್ಸು ಹತ್ತಿ, ದುಡ್ಡು ಕೊಟ್ಟು, ನಿಂತುಕೊಂಡೇ ಕೆ.ಆರ್. ಪೇಟೆ ಸೇರಿದರು. ತಂಗಿಗೆ ಹೇಳಿದ ಮೊದಲ ಮಾತು, “ದುಡ್ ಕೊಟ್ಟು ಬಂದೆ ಕಣೇ.”

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ನಗುವಿನ ಕಥೆಯಾಗುತ್ತದೆ. ಆದರೆ ಅತ್ತೆ ಇಲ್ಲಿಗೆ ನಿಲ್ಲಲಿಲ್ಲವಲ್ಲ.

ಒಂದು ಮಧ್ಯಾಹ್ನ ಬ್ಲೌಸು ತೆಗೆದುಕೊಳ್ಳಲು ಬಂದ ಪಕ್ಕದ ಬೀದಿಯವಳು ನನ್ನ ಹೊಲಿಗೆ ಮಿಷನ್ನಿಗೆ ಅಂಟಿಸಿದ್ದ ಸ್ಕ್ಯಾನರ್ ಚೀಟಿಗೆ ಫೋನು ಹಿಡಿದು ದುಡ್ಡು ಕಳಿಸಿ ಹೋದಳು. ಒಳಗೆ ಊಟಕ್ಕೆ ಕೂತಿದ್ದ ಯಜಮಾನರ ಜೇಬಿನಲ್ಲಿ ಟಿಂಗ್ ಎಂದಿತು. ಚೀಟಿ ಅವರ ನಂಬರಿನದು, ಮೊದಲಿನಿಂದಲೂ ಹಾಗೇ ಇತ್ತು. ನಾನು ಒಳಗೆ ಹೋಗಿ, “ದಾರ ಮುಗಿದಿದೆ, ಸ್ವಲ್ಪ ದುಡ್ಡು ಬೇಕಿತ್ತು” ಎಂದೆ.

“ಯಾಕೆ, ಮೊನ್ನೆ ತಂದಿದ್ಯಲ್ಲ?” ಎಂದರು ಯಜಮಾನರು. ಸಿಟ್ಟಿನಿಂದಲ್ಲ. ಸುಮ್ಮನೆ ಕೇಳಿದ್ದು.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಆ ‘ಯಾಕೆ’ ಕಿವಿಗೆ ಬಿದ್ದದ್ದೇ ಎದ್ದು ನಿಂತರು.

“ನೀ ಒಲಿಯೋದು, ಅವನ ಜೇಬು ಟಿಂಗ್ ಅನ್ನೋದಾ? ನಡಿಯಮ್ಮಿ ನನ್ ಜೊತೆ!”

ಆವತ್ತೇ ನನ್ನನ್ನು ನಯಾಜನ ಮುಂದೆ ನಿಲ್ಲಿಸಿದರು. “ಇವಳ್ಗೊಂದು ಅಕೌಂಟು ಮಾಡಪ್ಪ. ಇವಳ್ದೇ ಚೀಟಿ, ಇವಳ್ದೇ ಟಿಂಗು.” ನಾನು ಹೆಬ್ಬೆಟ್ಟು ಇಟ್ಟೆ. ಕೆಂಪು. ನಯಾಜ್ ಬೇರೆ ಬೆರಳುಗಳನ್ನೂ ಇಡಿಸಿದ. ಎಲ್ಲವೂ ಕೆಂಪು.

“ಅಕ್ಕಾ, ಈ ವಯಸ್ಸಿಗೇ ಗೆರೆ ಹೋಗಿದೆಯಲ್ಲ? ತುಂಬಾ ಪಾತ್ರೆ ಉಜ್ಜುತ್ತೀರಾ?”

ಅತ್ತೆ ನನ್ನ ಕೈ ಎಳೆದುಕೊಂಡು ಅಂಗೈ ಮೇಲೆ ಮಾಡಿದರು. ಸೋಪಿನ ಪುಡಿ ತಿಂದ ಚರ್ಮ, ಸೂಜಿ ಚುಚ್ಚಿದ ತುದಿಗಳು. ಅದನ್ನು ನೋಡಿ, ಗವಸಿನೊಳಗೆ ನುಣ್ಣಗೆ ಬೆಳೆದ ತಮ್ಮ ಹೆಬ್ಬೆಟ್ಟನ್ನು ನೋಡಿದರು.

ಮರುದಿನ ಬೆಳಗ್ಗೆ ಹಿತ್ತಲಿಗೆ ಹೋದೆ. ಅತ್ತೆ ಮುದ್ದೆಯ ಪಾತ್ರೆಯನ್ನು ಮುಂದಿಟ್ಟುಕೊಂಡು ತಳ ಉಜ್ಜುತ್ತಿದ್ದರು. ಬರಿಗೈ. ಹತ್ತೂ ಬೆರಳು. ನಾನು ದಿಗಿಲುಬಿದ್ದು ಕಿತ್ತುಕೊಳ್ಳಲು ಹೋದೆ.

“ಅತ್ತೆ, ಗೆರೆ ಹೋಗುತ್ತೆ!”

“ಓಗ್ಲಿ ಬುಡು. ನಂದು ಆಯ್ತು. ನೀನು ಎಣ್ಣೆ ಅಚ್ಕೊಂಡು ಕೂತ್ಕೊ ಓಗು.”

ತಡೆದು ನೋಡಿದೆ, ಜಗಳವಾಡಿದೆ, ಕೇಳಲಿಲ್ಲ. ಪಾತ್ರೆ, ಬಟ್ಟೆ, ಎಲ್ಲವನ್ನೂ ಮುಟ್ಟಲು ಬಿಡದೆ ಕಸಿದುಕೊಂಡರು. ನನಗೆ ಹಸಿರು ದೀಪ ಹತ್ತಿದ ದಿನ ನಯಾಜ್, “ಅಮ್ಮಾ, ನೀವೂ ಒಂದ್ಸಲ ನೋಡ್ತೀರಾ?” ಎಂದ. ಅತ್ತೆ ಕೈ ಮುಂದೆ ಚಾಚಲೇ ಇಲ್ಲ. “ನಾನ್ ಇವ್ನಿ ಬುಡಪ್ಪ” ಎಂದರು.

ಚೀಟಿ ಬದಲಾಗಿ ಹೊಲಿಗೆಯ ದುಡ್ಡು ಸೇರಿದ ಮೇಲೆ ಅದೇ ಅಂಗಡಿಯಲ್ಲಿ ನನ್ನ ಹೆಸರಿನ ಮೊದಲ ನೋಟು ನನ್ನ ಕೈಗೆ ಬಂತು. ಅಭ್ಯಾಸಬಲ, ತಿರುಗಿ ಕೇಳಿದೆ, “ಅತ್ತೆ, ಇದರಲ್ಲಿ ಒಂದು ಜೊತೆ ಚಪ್ಪಲಿ ತಗೊಳ್ಳಲಾ?”

“ನನ್ನ ಯಾಕೆ ಕೇಳ್ತೀಯೆ!” ಎಂದು ಅಂಗಡಿಯೇ ಅದುರುವ ಹಾಗೆ ಬೈದರು. ಬೈಯುವಾಗ ಕಣ್ಣಲ್ಲಿ ನೀರಿತ್ತು.

ಈಗಲೂ ಪಾಂಡವಪುರದ ಪೇಟೆಯಲ್ಲಿ ಏನು ಕೊಳ್ಳುವುದಿದ್ದರೂ ದುಡ್ಡು ಕೊಡುವ ಮುಂಚೆ ಒಂದು ಗಳಿಗೆ ನಿಂತು, ತಗೊಳ್ಳಲಾ ಅತ್ತೆ ಎಂದು ಮನಸ್ಸಿನಲ್ಲೇ ಕೇಳುತ್ತೇನೆ. ಬೇಕೆಂದೇ ಕೇಳುತ್ತೇನೆ. ಒಂದು ಸಲವಾದರೂ ಬೈದಾರು ಎಂದು.