ಚಿಕ್ಕಪ್ಪನ ಹತ್ತದ ದೀಪ

ಕಲ್ಲಿದ್ದಲನ್ನು ಸುಡದೆ ಕರಗಿಸಿ, ಕರಗಿಸಲು ಬಳಸಿದ ದ್ರವವನ್ನು ಪೋಲಾಗದಂತೆ ಮರಳಿ ಸೀಸೆಗೆ ತುಂಬಿಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಅವರು ನನ್ನ ಚಿಕ್ಕಪ್ಪ. ಅಬ್ಬಿಗೆರೆಯಲ್ಲಿ ನಮ್ಮ ಮನೆತನದ ಉಳಿದವರೆಲ್ಲ ಹೊಲದಲ್ಲಿ ಕಟ್ಟಡ ಬೆಳೆಯುತ್ತಿದ್ದರೆ, ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರಾದ ಇವರು ಹಿತ್ತಲ ಶೆಡ್ಡಿನಲ್ಲಿ ಕಂದು ಕಲ್ಲಿದ್ದಲನ್ನು ಬೇಯಿಸುತ್ತಾರೆ.

ಕಲ್ಲಿದ್ದಲನ್ನು ಸುಡುವುದು ಮುಂದಿನ ಪೀಳಿಗೆಗೆ ಬಗೆಯುವ ಅನ್ಯಾಯವೆಂದು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಅವರೆದುರು ಕ್ರಮಬದ್ಧವಾಗಿ ವಾದಿಸಿದೆ. ಪೂರ್ತಿ ಕೇಳಿ, "ಸುಡ್ಬೇಡಿ ಅಂತ ನಾನೂ ಹೇಳ್ತಿರೋದು ಕಣಪ್ಪ. ಬಿಡಿಸಿ ಒಳಗೇನಿದೆ ನೋಡೋಣ. ಆ ಇಕ್ಕಳ ಕೊಡು" ಎಂದರು. ಎದುರಾಳಿಯು ನಮ್ಮನ್ನೇ ಸಹಾಯಕರನ್ನಾಗಿ ನೇಮಿಸಿಕೊಂಡರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅವರ ದ್ರವವೋ, ಅದೊಂದು ಉಪ್ಪು. ಆದರೆ ಹರಳುಗಟ್ಟದೆ ಹರಳೆಣ್ಣೆಯಂತೆ ಮಂದವಾಗಿ ಹರಿಯುವ ಉಪ್ಪು. ಹಳೆಯ ಶಿಷ್ಯನೊಬ್ಬ ತಯಾರಿಸಿಕೊಟ್ಟ ಒಂದೇ ಸೀಸೆ. ಮತ್ತೆ ಸಿಗುವಂಥದ್ದಲ್ಲ.

ದೊಡ್ಡಪ್ಪನಿಗೆ ಶೆಡ್ಡಿನ ಜಾಗ ಬೇಕಿತ್ತು. "ಲೋ, ಇಲ್ಲಿ ಬಾಡಿಗೆ ಮನೆ ಏಳ್ಬೇಕು. ಹಾಕಿದ್ ದ್ರವ ಹಾಗೇ ವಾಪಸ್ ಬರುತ್ತೆ ಅಂತೀಯಲ್ಲ, ಭಾನುವಾರ ತೋರ್ಸು. ಬರ್ಲಿಲ್ಲಾಂದ್ರೆ ಸೋಮವಾರ ಜೆಸಿಬಿ ಬರುತ್ತೆ" ಎಂದು ಚಿಕ್ಕಪ್ಪನಿಗೆ ಕಟ್ಟಪ್ಪಣೆ ಮಾಡಿದರು.

ಶೆಡ್ಡು ಗುಡಿಸಲೆಂದು ಚಿಕ್ಕಪ್ಪ ಸೀಸೆಯನ್ನು ಮನೆಯೊಳಗಿಟ್ಟದ್ದೇ ತಪ್ಪಾಯಿತು. ಭಾನುವಾರ ಬೆಳಿಗ್ಗೆ ನೋಡಿದರೆ ಸೀಸೆ ಖಾಲಿ! ದೇವರ ಮನೆಯಿಂದ ಚಿಕ್ಕಮ್ಮನ ದನಿ: "ಯಾವ ಅಂಗಡೀಲಿ ತಂದ್ರಿ ಈ ಹರಳೆಣ್ಣೆ? ಎರಡು ದೀಪಕ್ಕೂ ತುಂಬ ಹಾಕಿದೀನಿ, ಬತ್ತಿ ಹತ್ತೋದೇ ಇಲ್ಲ."

ಹೇಗೆ ಹತ್ತೀತು? ಸುಲಭಕ್ಕೆ ಉರಿಯದಿರುವುದೇ ಅದರ ಹಿರಿಮೆ. ಚಿಕ್ಕಪ್ಪ ಸಿಟ್ಟಾಗುವುದಿರಲಿ, "ನೋಡಿದ್ಯಾ, ಹತ್ಲಿಲ್ಲ" ಎಂದು ನನ್ನ ಕಡೆ ಹೆಮ್ಮೆಯಿಂದ ತಿರುಗಿದರು. ದೀಪ, ಬತ್ತಿಗಳನ್ನೆಲ್ಲ ನೀರಿನಲ್ಲಿ ತೊಳೆದು, ಆ ನೀರನ್ನು ಕುದಿಸಿ ಆವಿ ಮಾಡಿದರು. ತಳದಲ್ಲಿ ದ್ರವ ಉಳಿಯಿತು.

ದೊಡ್ಡಪ್ಪ ಬಂದು ಕುರ್ಚಿ ಎಳೆದುಕೊಂಡರು. ಬೆಚ್ಚಗಿನ ದ್ರವದಲ್ಲಿ ಕಲ್ಲಿದ್ದಲಿನ ಪುಡಿ ಬಹುಮಟ್ಟಿಗೆ ಕರಗಿ ಕಾಫಿಯ ಡಿಕಾಕ್ಷನ್ನಿನಂತಾಯಿತು. ನೀರು ಸುರಿದೊಡನೆ, ಕರಗಿದ್ದುದೆಲ್ಲ ಮತ್ತೆ ಕಪ್ಪಾಗಿ ತಳಕ್ಕಿಳಿಯಿತು. ಸೋಸಿ, ತೊಳೆದು, ನೀರನ್ನು ಆವಿ ಮಾಡಿದಾಗ ಸೀಸೆ ಕತ್ತಿನವರೆಗೆ ತುಂಬಿತು. ಆ ಕ್ಷಣ ನನ್ನ ವಾದಗಳೆಲ್ಲ ತಾವಾಗಿ ಕೈಕಟ್ಟಿ ನಿಂತವು.

"ಇಷ್ಟೆಲ್ಲಾ ಯಾಕೋ? ಪೇಂಟ್ ಅಂಗಡಿ ಥಿನ್ನರ್‌ನಲ್ಲಿ ಮಾಡ್ಬಾರ್ದಿತ್ತಾ?" ಎಂದರು ದೊಡ್ಡಪ್ಪ.

"ಅಂಥದ್ರಲ್ಲೇ ಶುರು ಮಾಡಿದ್ದು ಅಣ್ಣ. ಅದರ ಆವಿ ಮನೆಯೆಲ್ಲಾ ಹರಡುತ್ತೆ. ಇವಳಿಗೆ ಉಬ್ಬಸ. ಅದಕ್ಕೇ ಎಷ್ಟೋ ವರ್ಷ ನಿಲ್ಲಿಸಿದ್ದೆ. ಇದು ಗಾಳಿಗೆ ಏಳಲ್ಲ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಮೆಲ್ಲಗೆ ಕೇಳಿದರು: "ಬೇಜಾರಾಗಿ ಬಿಟ್ಟೆ ಅಂದಿದ್ರಿ?"

ಚಿಕ್ಕಪ್ಪ ಸೀಸೆಯ ಬಿರಡೆಯನ್ನು ಸುಮ್ಮನೆ ಮತ್ತೆ ಮತ್ತೆ ಬಿಗಿಮಾಡುತ್ತಿದ್ದರು. ದೊಡ್ಡಪ್ಪ ಅಂಗಳಕ್ಕೆ ಹೋಗಿ ಫೋನಿನಲ್ಲಿ, "ನಾಳೆ ಜೆಸಿಬಿ ಬೇಡಪ್ಪಾ" ಎಂದರು.

ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದರೆ, ದಯವಿಟ್ಟು ಈ ವಾರ ಅವರ ಪಕ್ಕ ಕುಳಿತು, ಏನು ಮಾಡುತ್ತಿದ್ದೀರಿ ಎಂದು ಕೇಳಿ. ಉತ್ತರ ಮುಗಿಯುವವರೆಗೆ ಏಳಬೇಡಿ.