ಒಮ್ಮೆ ಹಾಕಿದರೆ ತೆಗೆಯುವ ಮಾತೇ ಇಲ್ಲ

ಅಷ್ಟೂ ಅನಾಹುತಕ್ಕೆ ಮೂಲ ಒಂದೇ ಒಂದು ವಾಕ್ಯ. ಅದೂ ಬರೆದವನಿಗೇ ಬಹಳ ಹಿಡಿಸಿಹೋದ ವಾಕ್ಯ.

ಕೊಳಾಯಿ ಸಾಮಾನು ತಯಾರಿಸುವ ಕಾರ್ಖಾನೆಯಲ್ಲಿ ಕರಪತ್ರ ಬರೆಯುವುದು ಅವನ ಕೆಲಸ. ಅದಕ್ಕೇ ಅವನಿದ್ದ ಮೂರಂತಸ್ತಿನ ಕಟ್ಟಡದವರು ಅವನಿಗೆ 'ಸಾಹಿತಿ' ಎಂದು ಹೆಸರಿಟ್ಟಿದ್ದರು. ಮೊದಮೊದಲು ಅವನಿಗೆ ಇರಿಸುಮುರಿಸಾಗುತ್ತಿತ್ತು. ಆಮೇಲಾಮೇಲೆ ಯಾರಾದರೂ ಹಾಗೆ ಕರೆಯದಿದ್ದರೆ ಬೇಜಾರಾಗತೊಡಗಿತು.

ಈ ಸಲ ಸಾಹಿತಿ ಬರೆದದ್ದು ಪೈಪಿನ ತುದಿಗೆ ಹಾಕುವ ಪ್ಲಾಸ್ಟಿಕ್ ಕ್ಯಾಪಿನ ಬಗ್ಗೆ. ಮುಂದೆಂದಾದರೂ ಬೇಕಾದೀತು ಎಂದು ಬಿಟ್ಟ ಪೈಪಿನ ಬಾಯಿಗೆ ಟೋಪಿಯ ಹಾಗೆ ಕೂರುವ, ಹೆಬ್ಬೆರಳು ಗಾತ್ರದ ವಸ್ತು. ಅದರ ಮೇಲೆ ಎಂಟು ಪುಟ. ತುಕ್ಕು ಹಿಡಿಯುವುದಿಲ್ಲ, ಭಾರವಿಲ್ಲ, ಧೂಳು ಹುಳುಹುಪ್ಪಟೆ ಹಲ್ಲಿ ಒಳಗೆ ನುಸುಳುವ ಹಾಗಿಲ್ಲ, ಅಂಟು ಹಚ್ಚಿ ಕೂರಿಸಲು ಅರ್ಧ ನಿಮಿಷ ಸಾಕು, 'ಒಮ್ಮೆ ಹಾಕಿದರೆ ತೆಗೆಯುವ ಮಾತೇ ಇಲ್ಲ.' ಇಷ್ಟಕ್ಕೆ ನಿಲ್ಲಿಸಿದ್ದರೆ ಕ್ಷೇಮವಾಗಿತ್ತು. ಬರೆಯುವವನ ಕೈ ಕೇಳಬೇಕಲ್ಲ. ಕೊನೆಯ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿಬಿಟ್ಟ: 'ಇದನ್ನು ಬರೆದವನ ಸ್ವಂತ ಮನೆಯಲ್ಲೇ ಇಂಥದೊಂದು ಕ್ಯಾಪು ಆರು ವರ್ಷದಿಂದ ಒಂದು ಹನಿಯನ್ನೂ ಸೋರಗೊಡದೆ ಕೂತಿದೆ.'

ಅವನ ಮನೆಯ ಬಚ್ಚಲಿನಲ್ಲಿ ಕೂತಿದ್ದದ್ದು ಮರದ ಬಿರಡೆ. ಬಟ್ಟೆ ಒಗೆಯುವ ಯಂತ್ರಕ್ಕೆಂದು ಬಿಟ್ಟಿದ್ದ ಪೈಪಿಗೆ ಅವನ ಮಾವ ಹಿಂದೊಮ್ಮೆ ಬಂದಿದ್ದಾಗ ಕೆತ್ತಿ, ಹಳೆಯ ಬನಿಯನ್ನಿನ ತುಂಡು ಸುತ್ತಿ, ಬಡಿದು ಕೂರಿಸಿದ್ದರು. ಯಂತ್ರ ಬರಲಿಲ್ಲ, ಬಿರಡೆ ಹೋಗಲಿಲ್ಲ.

ರಜಾದಿನದ ಬೆಳಗ್ಗೆ ಎಂಟಕ್ಕೆ ಕಾರ್ಖಾನೆಯ ಮಾಲೀಕರ ಫೋನು ಬಂತು.

"ನಿಮ್ಮ ಕೊನೇ ಪುಟ ಓದ್ದೆ. ಮನಸ್ಸಿಗೆ ನಾಟ್ತು ಕಣ್ರೀ. ಇವತ್ತು ಸಂಜೆ ನಾಲ್ಕಕ್ಕೆ ನಿಮ್ಮನೆಗೆ ಬರ್ತೀನಿ. ಆ ಕ್ಯಾಪು ಕಣ್ಣಾರೆ ನೋಡ್ಬೇಕು, ಫೋಟೊ ತೆಗೆದು ಕರಪತ್ರದ ಮೇಲೆ ಹಾಕ್ಬೇಕು. ಮಾಹಿತಿ ವಿಭಾಗದ ಮುಖ್ಯಸ್ಥರು ಯಾರು ಅನ್ನೋದನ್ನೂ ಅಲ್ಲೇ ಹೇಳಿಬಿಡ್ತೀನಿ."

ಸಾಹಿತಿಗೆ ಖುಷಿ, ಭಯ ಎರಡೂ ಒಟ್ಟಿಗೇ ಆಯಿತು. ಆ ಹುದ್ದೆಗಾಗಿ ಅವನು ಎರಡು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ. ಹುದ್ದೆಗಿಂತ ಹೆಚ್ಚಾಗಿ ಅದರ ಜತೆಗೆ ಬರುವ ಕೋಣೆಗೆ. ಬಾಗಿಲಿರುವ ಕೋಣೆ, ಕಿಟಕಿಯ ಪಕ್ಕ ಸುತ್ತು ತಿರುಗುವ ಕುರ್ಚಿ. ಈಗ ಅವನ ಮೇಜು ಪ್ಲಾಸ್ಟಿಕ್ ಕರಗಿಸುವ ಯಂತ್ರದ ಎದುರಿಗಿತ್ತು. ಅಲ್ಲಿ ಕೂತವನಿಗೆ ಊಟದ ಡಬ್ಬಿ ತೆಗೆದರೂ ಪ್ಲಾಸ್ಟಿಕ್ಕಿನದೇ ವಾಸನೆ. ಅವನನ್ನು ಬಿಟ್ಟರೆ ಆ ಕುರ್ಚಿಗೆ ಕಣ್ಣಿಟ್ಟಿದ್ದವನು ಪಕ್ಕದ ಮೇಜಿನವನೊಬ್ಬನೇ.

"ಸುಳ್ಳು ಬರೆಯೋವಾಗ ನಮ್ಮನೆ ವಿಳಾಸವೇ ಬೇಕಿತ್ತಾ ನಿಮಗೆ?" ಎಂದಳು ಹೆಂಡತಿ, ವಿಷಯ ಕೇಳಿ. ಆದರೂ ಎದ್ದು ಚಪ್ಪಲಿ ಮೆಟ್ಟಿದಳು. "ನಾನು ಅಂಗಡೀಗೆ ಹೋಗಿ ಕ್ಯಾಪು, ಅಂಟು ತರ್ತೀನಿ. ಪ್ಲಂಬರ್‌ಗೆ ಫೋನ್ ಮಾಡಿ. ನಾನು ಬರೋವರೆಗೂ ಏನನ್ನೂ ಮುಟ್ಟಬೇಡಿ."

ಪ್ಲಂಬರ್ ಫೋನಿನಲ್ಲಿ ನಾಳೆ ಬರುತ್ತೇನೆಂದ. ಸಾಹಿತಿ ಬಚ್ಚಲಿಗೆ ಹೋಗಿ ಬಿರಡೆಯನ್ನು ನೋಡಿದ. ಮುಟ್ಟಬೇಡಿ ಎಂದಿದ್ದಳು ನಿಜ; ಆದರೆ ಅವಳು ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿದ್ದರೆ ಎಷ್ಟು ಚೆನ್ನ ಅನಿಸಿತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಮಾವ ಬಡಿದ ಬಿರಡೆ, ಸುಲಭಕ್ಕೆ ಬರಲಿಲ್ಲ. ಕಾಲನ್ನು ಗೋಡೆಗೆ ಒತ್ತಿ ಜಗ್ಗಿದಾಗ ಬಂತು. ಅದರ ಹಿಂದೆಯೇ ನೀರೂ ಬಂತು.

ಅವನ ಕರಪತ್ರದ ಮೂರನೆಯ ಪುಟದಲ್ಲಿ, ಕ್ಯಾಪು ಹಾಕುವ ಕ್ರಮದಲ್ಲಿ, ಮೊದಲನೆಯ ಸೂಚನೆ 'ಮೊದಲು ನೀರು ನಿಲ್ಲಿಸಿ' ಎಂದಿತ್ತು. ಅದು ಗಿರಾಕಿಗಳಿಗೆ ಬರೆದದ್ದು ಎಂಬ ಭಾವನೆಯಲ್ಲಿದ್ದ ಅವನು.

ಎದುರುಮನೆಯ ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ಕಾಲಿಗೆ ತಣ್ಣಗಾಗಿ ಎದ್ದು ಬಂದಳು. ಟೇಪು ಕೊರಳಲ್ಲೇ ಇತ್ತು. "ಭಾವ, ಏನಿದು? ನಮ್ಮನೆ ಹೊಸ್ತಿಲು ದಾಟಿ ಬಂತಲ್ಲ" ಎಂದವಳು ಸಾಹಿತಿ ಎರಡೂ ಅಂಗೈಯನ್ನು ಪೈಪಿಗೆ ಒತ್ತಿ, ಕನ್ನಡಕದ ಮೇಲೆಲ್ಲ ನೀರು ಸುರಿಸಿಕೊಂಡು ನಿಂತಿದ್ದನ್ನು ನೋಡಿ ನಗು ತಡೆಯಲಾರದೆ ಬಾಗಿಲು ಹಿಡಿದುಕೊಂಡಳು.

ಮೇಲಿನ ಮನೆಯ ಲೆಕ್ಕದ ಮೇಷ್ಟ್ರು ಇಳಿದು ಬಂದರು. ನಿವೃತ್ತರಾದ ಮೇಲೆ ಅವರು ಕಟ್ಟಡದ ನೀರಿನ ಉಸ್ತುವಾರಿಯನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದರು. ದಿನಾ ಮಧ್ಯಾಹ್ನ ಮೋಟರ್ ಹಾಕುವುದು, ತಾರಸಿಯ ಟ್ಯಾಂಕು ತುಂಬಿ ಹೆಚ್ಚಾದ ನೀರು ತಮ್ಮ ಅಡುಗೆಮನೆ ಕಿಟಕಿಯ ಪಕ್ಕ ಜಳಜಳ ಬಿದ್ದ ಸದ್ದು ಕೇಳಿದೊಡನೆ ಆರಿಸುವುದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಗಡಿಯಾರಕ್ಕಿಂತ ತಮ್ಮ ಕಿವಿಯೇ ವಾಸಿ ಎಂಬುದು ಅವರ ಜಂಬ.

"ಸಾಹಿತಿಗಳೇ, ಕೈ ಒಂದು ನಿಮಿಷ ತೆಗೀರಿ" ಎಂದರು ಮೇಷ್ಟ್ರು, ಬಕೆಟ್ ಹಿಡಿದು. "ನಿಮಿಷಕ್ಕೆ ಎಷ್ಟು ಲೀಟರ್ ಹೋಗ್ತಿದೆ ಅಂತ ನೋಡಿದ್ರೆ ಟ್ಯಾಂಕು ಎಷ್ಟೊತ್ತಿಗೆ ಖಾಲಿ ಆಗುತ್ತೆ ಅಂತ ಹೇಳ್ಬಹುದು."

"ಮೇಷ್ಟ್ರೇ, ಮೇಲೆ ಹೋಗಿ ವಾಲ್ವ್ ತಿರುಗಿಸಿದ್ರೆ ಉಪಕಾರ ಆಗ್ತಿತ್ತು."

"ತಿರುಗಿಸೋಣ. ಲೆಕ್ಕ ಮುಗೀಲಿ."

ಲೆಕ್ಕ ಮುಗಿಯುವ ಮೊದಲೇ ಟ್ಯಾಂಕು ಮುಗಿಯಿತು. ಅಷ್ಟರಲ್ಲಿ ಹೆಂಡತಿ ಅಂಗಡಿಯಿಂದ ಬಂದಳು. ಕಾಗದದ ಪೊಟ್ಟಣದಲ್ಲಿ ಎರಡು ಕ್ಯಾಪು, ಒಂದು ಅಂಟಿನ ಡಬ್ಬಿ. ಮೆಟ್ಟಿಲಿನಿಂದ ಇಳಿಯುತ್ತಿದ್ದ ನೀರು ನೋಡಿದಾಗಲೇ ಅವಳಿಗೆ ಎಲ್ಲ ಅರ್ಥವಾಗಿತ್ತು.

ಮೇಜಿನ ಮೇಲಿದ್ದ ಕರಪತ್ರದ ಕರಡನ್ನು ತೆಗೆದುಕೊಂಡಳು, ಮೂರನೆಯ ಪುಟ ತೆರೆದು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು. ಗಂಡ ಬರೆದದ್ದನ್ನು ಜಗತ್ತಿನಲ್ಲಿ ಯಾರಾದರೂ ಪೂರ್ತಿ ಓದಿ ಪಾಲಿಸಿದ್ದು ಅದೇ ಮೊದಲು. ತಾರಸಿಗೆ ಹೋಗಿ ವಾಲ್ವ್ ಮುಚ್ಚಿ ಬಂದಳು. ಮಾವ ಬಡಿದಾಗ ಸೀಳಿದ್ದ ಪೈಪಿನ ತುದಿಯನ್ನು ಹ್ಯಾಕ್ಸಾದಿಂದ ನೆಟ್ಟಗೆ ಕತ್ತರಿಸಿದಳು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿದಳು, ಒಣಬಟ್ಟೆಯಲ್ಲಿ ಒರೆಸಿದಳು. ಪೈಪಿಗೂ ಕ್ಯಾಪಿಗೂ ತೆಳ್ಳಗೆ ಅಂಟು ಸವರಿ, ಒತ್ತಿ, ಕಾಲು ಸುತ್ತು ತಿರುಗಿಸಿ, ಬಾಯಲ್ಲೇ ಮೂವತ್ತು ಎಣಿಸಿ ಕೈ ಬಿಟ್ಟಳು. ಕ್ಯಾಪು ಅಲ್ಲೇ ಹುಟ್ಟಿದ ಹಾಗೆ ಕೂತಿತು.

"ನಾನು ಬರೆದಿದ್ದು ಸರಿಯಾಗೇ ಇದೆ ಅಲ್ವಾ?" ಎಂದ ಸಾಹಿತಿ.

"ಬರೆದಿದ್ದು ಸರಿಯಾಗಿದೆ. ಬರೆದವರದ್ದೇ ಯೋಚನೆ."

ಹೊಸ ಕ್ಯಾಪು ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಆರು ವರ್ಷದ ವಯಸ್ಸು ಅದರ ಮುಖದಲ್ಲಿ ಎಲ್ಲೂ ಇರಲಿಲ್ಲ. ಟೈಲರಮ್ಮ ಮನೆಗೆ ಓಡಿ ಚಹಾದ ಚರಟ ತಂದಳು. "ಅಕ್ಕಾ, ಇದನ್ನ ಸ್ವಲ್ಪ ಉಜ್ಜಿ. ಹಳೇ ಬಟ್ಟೆಗೆ ಹೊಸ ತೇಪೆ ಹಾಕೋವಾಗ ನಾನೂ ಹಿಂಗೇ ಮಾಡೋದು." ಉಜ್ಜಿದರು. ಕ್ಯಾಪಿಗೆ ವಯಸ್ಸು ಬಂತು.

"ಯಾರು ಹಾಕಿದ್ದು ಅಂತ ಅವರು ಕೇಳಿದ್ರೆ ಇವರೇ ಅಂತ ಹೇಳಿ" ಎಂದು ಹೆಂಡತಿ ಇಬ್ಬರಿಗೂ ಹೇಳಿದಳು. "ಎರಡು ಒಳ್ಳೇ ಮಾತು ಆಡಿ. ಪಾಪ, ಆ ಕುರ್ಚಿ ಬಗ್ಗೆ ನಿದ್ದೆಯಲ್ಲೂ ಮಾತಾಡ್ತಾರೆ."

ಮೂರು ಗಂಟೆಗೆ ಅವಳು ಗಂಡನನ್ನು ತಾರಸಿಗೆ ಕಳಿಸಿದಳು, ವಾಲ್ವ್ ತೆರೆದು ಬರಲು. ಮೇಷ್ಟ್ರು ಮೋಟರ್ ಹಾಕಿಯಾಗಿತ್ತು. ಸಾಹಿತಿ ಎದೆ ಉಬ್ಬಿಸಿಕೊಂಡೇ ಹತ್ತಿದ. ಒಳಗೊಳಗೆ ಮಾತ್ರ ಒಂದು ಕೊರಗು. ಇಡೀ ದಿನದಲ್ಲಿ ತಾನು ಸ್ವಂತ ಕೈಯಿಂದ ಮಾಡಿದ್ದು ಬಿರಡೆ ಕಿತ್ತದ್ದೊಂದೇ. ವಾಲ್ವ್ ತೆರೆದು ತಿರುಗಿದಾಗ ಕಣ್ಣಿಗೆ ಬಿತ್ತು: ಟ್ಯಾಂಕಿನ ಕುತ್ತಿಗೆಯಿಂದ ಹೊರಟು, ತಾರಸಿಯ ಮೋಟುಗೋಡೆ ದಾಟಿ, ಆಚೆಗೆ ಬಗ್ಗಿದ ಒಂದು ಪೈಪು. ತುದಿಗೆ ಏನೂ ಇಲ್ಲ. ಬಾಯಿ ತೆರೆದುಕೊಂಡು ಬಿದ್ದಿದೆ.

ಸಾಹಿತಿಯ ಮನಸ್ಸು ಮಿಡುಕಿತು. ಧೂಳು, ಹುಳುಹುಪ್ಪಟೆ, ಹಲ್ಲಿ. ಮಾಲೀಕರು ಮೇಲೆ ಬಂದು ನೋಡಿದರೆ ಏನೆಂದುಕೊಂಡಾರು? ಜೇಬಿನಲ್ಲಿ ಎರಡನೆಯ ಕ್ಯಾಪಿತ್ತು, ಅಂಟಿನ ಡಬ್ಬಿಯಿತ್ತು. ಗೋಡೆಯ ಮೇಲೆ ಹೊಟ್ಟೆ ಹಾಕಿ ಬಗ್ಗಿ, ಒರೆಸಿ, ಸವರಿ, ಒತ್ತಿ, ತಿರುಗಿಸಿ, ಮೂವತ್ತರ ಬದಲು ಅರವತ್ತು ಎಣಿಸಿದ. ಎಷ್ಟು ಚೆನ್ನಾಗಿ ಕೂತಿತೆಂದರೆ ಅವನ ಕಣ್ಣಲ್ಲಿ ನೀರು ಬಂತು. ಯಾರಿಗೂ ಹೇಳದೆ ಇಳಿದು ಬಂದ.

ಮಾಲೀಕರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಯಾವುದನ್ನು ನೋಡಿದರೂ ಬೆರಳಗೆಣ್ಣಿನಿಂದ ತಟ್ಟಿ ಸದ್ದು ಕೇಳುವುದು ಅವರ ಅಭ್ಯಾಸ. ಬಾಗಿಲು ತಟ್ಟಿದರು, ಮೇಜು ತಟ್ಟಿದರು, ಬಚ್ಚಲಿಗೆ ಹೋಗಿ ಕ್ಯಾಪು ತಟ್ಟಿದರು.

"ಆರು ವರ್ಷ. ಸ್ವಲ್ಪ ಕಂದು ತಿರುಗಿದೆ, ಅಷ್ಟೇ. ಯಾರು ಹಾಕಿದ್ದು?"

"ಇವರೇ" ಎಂದರು ಮೂವರೂ ಒಂದೇ ಸಲಕ್ಕೆ.

ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು. ಆದರೆ ಟೈಲರಮ್ಮ ಎಂದರೆ ಒಂದು ಮೊಳ ಕೇಳಿದರೆ ಎರಡು ಮೊಳ ಕತ್ತರಿಸುವವಳು. "ಇದೊಂದೇನಾ ಸಾರ್? ನಮ್ಮನೆ ನಲ್ಲಿ ಕೆಟ್ರೆ ಪ್ಲಂಬರನ್ನ ಕರೆಯೋದೇ ಇಲ್ಲ. ಭಾವನ್ನೇ ಕರೆಯೋದು. ಅರ್ಧ ರಾತ್ರೀಲಿ ಕರೆದ್ರೂ ಸ್ಪ್ಯಾನರ್ ಹಿಡ್ಕೊಂಡು ಬರ್ತಾರೆ."

"ಕೈ ಅಂದ್ರೆ ಅದು ಕೈ" ಎಂದರು ಮೇಷ್ಟ್ರು. "ಲೆಕ್ಕ ತಪ್ಪಬಹುದು, ಅವರ ಕೈ ತಪ್ಪಲ್ಲ. ಪೈಪಿನ ಮೇಲೆ ಕಿವಿ ಇಟ್ಟರೆ ಸಾಕು, ಎಲ್ಲಿ ಸೋರ್ತಿದೆ ಅಂತ ಹೇಳಿಬಿಡ್ತಾರೆ."

ಸಾಹಿತಿ ನೆಲ ನೋಡುತ್ತ ನಿಂತ. ವಿನಯ ಎಂದುಕೊಂಡರು ಮಾಲೀಕರು. ಅವನ ಭುಜವನ್ನೂ ಒಮ್ಮೆ ತಟ್ಟಿದರು.

"ನನ್ನದೇ ತಪ್ಪು ಕಣ್ರೀ. ಇಂಥ ಕೈ ಇರೋರನ್ನ ಇಷ್ಟು ವರ್ಷ ಮೇಜಿನ ಮುಂದೆ ಕೂರಿಸಿಬಿಟ್ಟೆ. ಬರೆಯೋಕೆ ಯಾರಾದ್ರೂ ಸಿಗ್ತಾರೆ. ಆ ಪಕ್ಕದ ಮೇಜಿನೋರಿಗೆ ಬಾಗಿಲಿನ ಚಿಲಕ ಹಾಕೋಕೂ ಬರಲ್ಲ, ಕೋಣೇಲಿ ಕೂರೋಕೆ ಅವರೇ ಸರಿ. ನೀವು ನಾಳೆಯಿಂದ ದೂರು ವಿಭಾಗಕ್ಕೆ ಬನ್ನಿ. ಗಿರಾಕಿಗಳ ಮನೆಗೆ ಹೋಗಿ ಸೋರಿಕೆ ಸರಿಮಾಡೋದು. ಚೀಲ, ಗರಗಸ, ಸ್ಪ್ಯಾನರು ಎಲ್ಲಾ ಕಂಪನೀದೇ."

ಸಾಹಿತಿ ಬಾಯಿ ತೆರೆದ. ಇಲ್ಲ ಸಾರ್, ನನಗೇನೂ ಬರಲ್ಲ ಅನ್ನಬೇಕು. ಅಂದರೆ ಕೊನೆಯ ಪುಟ ಸುಳ್ಳಾಗುತ್ತದೆ, ಇದ್ದ ಮೇಜೂ ಹೋಗುತ್ತದೆ. ಬಾಯಿ ಮುಚ್ಚಿದ. ಸುತ್ತು ತಿರುಗುವ ಕುರ್ಚಿ ಅವನ ಕಣ್ಣೆದುರಿಗೇ ಒಂದು ಸುತ್ತು ತಿರುಗಿ ಹೊರಟುಹೋಯಿತು. ಟೈಲರಮ್ಮ ಮಾತ್ರ ಉಪಕಾರ ಮಾಡಿದ ಸಮಾಧಾನದಲ್ಲಿ ನಗುತ್ತಿದ್ದಳು.

ಆಗ ಮೆಟ್ಟಿಲಿನ ಮೇಲೆ ಸದ್ದಾಯಿತು. ಯಾರೂ ಇಳಿದು ಬರುತ್ತಿರಲಿಲ್ಲ, ನೀರು ಇಳಿದು ಬರುತ್ತಿತ್ತು. ಅದು ನೇರವಾಗಿ ಬಂದು ಮಾಲೀಕರ ಬೂಟನ್ನು ಸುತ್ತಿಕೊಂಡಿತು.

"ಮೋಟರ್" ಎಂದರು ಮೇಷ್ಟ್ರು, ಮುಖ ಸಪ್ಪಗಾಗಿ. "ಆದರೆ ಸದ್ದೇ ಬರ್ಲಿಲ್ಲವಲ್ಲ. ಹನ್ನೊಂದು ವರ್ಷದಲ್ಲಿ ಹಿಂಗೆ ಆಗಿದ್ದಿಲ್ಲ." ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸಿಕೊಳ್ಳುತ್ತ ಮೋಟರ್ ಆರಿಸಲು ಓಡಿದರು.

ಎಲ್ಲರೂ ತಾರಸಿಗೆ ಹೋದರು. ಟ್ಯಾಂಕಿನ ಮುಚ್ಚಳ ಎದ್ದು ಪಕ್ಕಕ್ಕೆ ಬಿದ್ದಿತ್ತು, ತಾರಸಿ ಕೆರೆಯಾಗಿತ್ತು. ಮಾಲೀಕರು ಪೈಪಿನ ಜಾಡು ಹಿಡಿದು ಗೋಡೆಯಾಚೆ ಬಗ್ಗಿ ನೋಡಿದರು. ಹೊರಹೋಗುವ ದಾರಿಗೇ ಟೋಪಿ ಹಾಕಿತ್ತು.

"ಹೆಚ್ಚಿನ ನೀರು ಹೊರಗೆ ಹೋಗೋ ಪೈಪಿಗೆ ಕ್ಯಾಪು ಹಾಕಿದ ಮಹಾನುಭಾವ ಯಾರು?"

ಮೇಷ್ಟ್ರು, ಟೈಲರಮ್ಮ, ಇಬ್ಬರೂ ಈಗಷ್ಟೇ ಹೊಗಳಿದ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡರು. ಹೆಂಡತಿ ಗಂಡನ ಜೇಬು ನೋಡಿದಳು. ಅಂಟಿನ ಡಬ್ಬಿ ಇಣುಕುತ್ತಿತ್ತು.

"ನಾನೇ ಸಾರ್" ಎಂದ ಸಾಹಿತಿ. ಬೆಳಗ್ಗೆಯಿಂದ ಅವನು ಆಡಿದ ನಿಜ ಅದೊಂದೇ.

ಮಾಲೀಕರು ಸಿಟ್ಟಾಗಲಿಲ್ಲ. ಮತ್ತೆ ಬಗ್ಗಿ ಕ್ಯಾಪನ್ನು ತಟ್ಟಿದರು, ಬೆರಳಿನಿಂದ ಸುತ್ತ ಸವರಿದರು. ಅವರ ಮುಖ ಅರಳಿತು. "ಒಂದು ಹನಿ ಇಲ್ಲ. ಟ್ಯಾಂಕಿನ ಮುಚ್ಚಳವೇ ಎದ್ದು ಹೋಗಿದೆ, ಇದು ಅಲ್ಲಾಡಿಲ್ಲ. ಬಚ್ಚಲಿಂದು ಬೇಡ, ಈ ಫೋಟೊನೇ ಹಾಕೋಣ. ನೀವು ತೆಗೀರಿ ಅದನ್ನ. ನಾನು ಮೇಷ್ಟ್ರ ಕಿಟಕಿಯಿಂದ ಫೋಟೊ ತೆಗೀತೀನಿ. ನಾಳೆಯಿಂದ ಯಾಕೆ, ಈಗಿಂದಲೇ ಕೆಲಸ ಶುರು ಆಗ್ಲಿ."

ಹೆಂಡತಿ ಹ್ಯಾಕ್ಸಾ ತರಲು ಕೆಳಗೆ ಹೋದಳು. ಸಾಹಿತಿ ಅಷ್ಟರಲ್ಲಿ ಕ್ಯಾಪನ್ನು ಕೈಯಲ್ಲೇ ತಿರುಗಿಸಿ ನೋಡಿದ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಎಂಟು ಪುಟದಲ್ಲಿ ತಾನು ಬರೆದದ್ದರಲ್ಲಿ ಒಂದು ಮಾತಂತೂ ಅಕ್ಷರಶಃ ನಿಜವೆಂದು ಅವನಿಗೆ ಮನವರಿಕೆಯಾಯಿತು.

ಹ್ಯಾಕ್ಸಾ ಬಂತು. ಮೋಟುಗೋಡೆಯ ಮೇಲೆ ಹೊಟ್ಟೆ ಹಾಕಿ ಗರಗರ ಎಳೆಯತೊಡಗಿದ. ಕೆಳಗೆ ಕಿಟಕಿಯಿಂದ ಮಾಲೀಕರು ಅರ್ಧ ಮೈ ಹೊರಹಾಕಿ, ಮೊಬೈಲು ಮೇಲಕ್ಕೆತ್ತಿ, "ಸ್ವಲ್ಪ ನಗಿ, ನಗಿ" ಎನ್ನುತ್ತಿದ್ದರು. ಗಂಟಲವರೆಗೆ ತುಂಬಿದ ಟ್ಯಾಂಕು ಹಿಂದೆ ಕಾದಿತ್ತು.

"ರೀ" ಎಂದಳು ಹೆಂಡತಿ, ಏನೋ ನೆನಪಾಗಿ. "ಮೂರನೇ ಪುಟದ ಮೊದಲನೇ ಸೂಚನೆ."

ಅವನು ಏನು ಎಂದು ಕೇಳಲು ತಿರುಗುವಷ್ಟರಲ್ಲಿ ಕ್ಯಾಪು ತುಂಡಾಗಿತ್ತು.

ಕರಪತ್ರ ಮುಂದಿನ ತಿಂಗಳು ಅಚ್ಚಾಯಿತು. ಕೊನೆಯ ಪುಟವನ್ನು ಕೋಣೆಯಲ್ಲಿ, ಸುತ್ತು ತಿರುಗುವ ಕುರ್ಚಿಯಲ್ಲಿ ಕೂತು, ಪಕ್ಕದ ಮೇಜಿನವನು ಬರೆದಿದ್ದ. ಮೇಲೆ ಮಾಲೀಕರು ತೆಗೆದ ಫೋಟೊ. ನೀರು ಮೊಬೈಲಿಗೆ ಬಡಿಯುವ ಗಳಿಗೆಯಲ್ಲೇ ತೆಗೆದದ್ದರಿಂದ ಅದರಲ್ಲಿ ಸಾಹಿತಿಯ ಮುಖ ಗುರುತು ಸಿಗುವಂತಿರಲಿಲ್ಲ. ಕ್ಯಾಪು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.